ಲಕ್ಕಿ ಡ್ರಾದಲ್ಲಿ ಫ್ರೀ ರೆಸಾರ್ಟ್ ಬಂದಿದೆ ಅಂತ ಫೋನ್ ಬಂದರೆ ದಯವಿಟ್ಟು ಹೋಗಬೇಡಿ

ಬೇಸಿಗೆ ರಜೆ ಹತ್ತಿರ ಬರುತ್ತಿದೆ. ಮಾಲ್‌ಗಳಲ್ಲಿ, ಪೆಟ್ರೋಲ್ ಬಂಕ್‌ಗಳಲ್ಲಿ, ಮಕ್ಕಳ ಬಟ್ಟೆ ಅಂಗಡಿಗಳ ಬಾಗಿಲಲ್ಲಿ ಮತ್ತೆ ಆ ಕೂಪನ್ ಹಿಡಿದವರು ನಿಂತಿರುತ್ತಾರೆ. "ಹೆಸರು, ಫೋನ್ ನಂಬರ್ ಬರೆದರೆ ಸಾಕು ಮೇಡಂ, ಲಕ್ಕಿ ಡ್ರಾ ಇದೆ" ಅನ್ನುತ್ತಾರೆ. ಬರೆಯಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟೇ ಸಾಕು. ಯಾಕೆ ಅಂತ ಕೇಳುವವರಿಗಾಗಿ ನಮ್ಮ ಮನೆಯಲ್ಲಿ ಆದದ್ದನ್ನು ಬಿಡಿಸಿ ಹೇಳುತ್ತೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ನಮ್ಮ ದೂರು ಇನ್ನೂ ಗ್ರಾಹಕರ ಆಯೋಗದ ಮುಂದಿದೆ. ಒಬ್ಬರ ಹೆಸರು ತಿಳಿದರೂ ಹೆಚ್ಚು ಉಪಯೋಗವಿಲ್ಲ. ಒಮ್ಮೆಗೇ ದೊಡ್ಡ ಮೊತ್ತ ಕಟ್ಟಿಸಿಕೊಂಡು, ವರ್ಷ ವರ್ಷ ಇಷ್ಟು ರಾತ್ರಿ ರೂಮು ಕೊಡುತ್ತೇವೆ ಅಂತ ರೆಸಾರ್ಟ್ ಸದಸ್ಯತ್ವ ಮಾರುವ ವ್ಯಾಪಾರ ಇದು, ಇದೇ ರೀತಿ ಮಾಡುವವರು ತುಂಬಾ ಜನ ಇದ್ದಾರೆ.

ಕೂಪನ್ ಬರೆದ ಕೆಲವೇ ದಿನಕ್ಕೆ ಫೋನ್ ಬಂತು. ನಿಮಗೆ ಮೂರು ಹಗಲು ಎರಡು ರಾತ್ರಿ ರೆಸಾರ್ಟ್ ವಾಸ ಫ್ರೀ ಬಂದಿದೆ, ಭಾನುವಾರ ಹೋಟೆಲ್‌ಗೆ ಬಂದು ವೋಚರ್ ತಗೊಳ್ಳಿ, ಊಟವೂ ಅಲ್ಲೇ. ಒಂದೇ ಷರತ್ತು, ಗಂಡ ಹೆಂಡತಿ ಇಬ್ಬರೂ ಬರಲೇಬೇಕು. "ಮಕ್ಕಳನ್ನೂ ಕರ್ಕೊಂಡು ಬನ್ನಿ ಮೇಡಂ, ಅವರಿಗೆ ಆಟದ ಜಾಗ ಇದೆ." ಯಾವ ಕ್ರೆಡಿಟ್ ಕಾರ್ಡ್ ಇದೆ, ಇಬ್ಬರೂ ಕೆಲಸ ಮಾಡುತ್ತೀರಾ ಅಂತಲೂ ಕೇಳಿದರು. ಬಹುಮಾನ ಕೊಡುವವರಿಗೆ ನಮ್ಮ ಕಾರ್ಡಿನ ವಿಚಾರ ಯಾಕೆ ಬೇಕು? ಇಬ್ಬರನ್ನೂ ಯಾಕೆ ಕರೆಯುತ್ತಾರೆ ಅನ್ನುವುದು ಆಮೇಲೆ ತಿಳಿಯಿತು. ಒಬ್ಬರೇ ಹೋದರೆ "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬರಬಹುದು. ಇಬ್ಬರೂ ಅಲ್ಲೇ ಕೂತಿದ್ದರೆ ಆ ದಾರಿ ಮುಚ್ಚಿತು.

ಹಾಲ್ ತುಂಬಾ ಚಿಕ್ಕ ಚಿಕ್ಕ ಮೇಜುಗಳು, ಮೇಜಿಗೊಂದು ಕುಟುಂಬ. ಹಾಡು ಜೋರಾಗಿ ಹಾಕಿದ್ದರು, ನಾವಿಬ್ಬರು ಮಾತಾಡಿಕೊಳ್ಳಬೇಕೆಂದರೆ ಕಿವಿಯ ಹತ್ತಿರ ಬಾಯಿ ಇಡಬೇಕು. ಮಗಳಿಗೆ ಬಲೂನು, ಬಣ್ಣದ ಪೆನ್ಸಿಲ್, ಈಜುಕೊಳದ ಚಿತ್ರ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಅವಳು ಬಣ್ಣ ತುಂಬಿ ತಂದು ತೋರಿಸಿದಾಗ ನಮ್ಮ ಮುಂದೆ ಕೂತಿದ್ದ ಹುಡುಗ "ಪುಟ್ಟೀ, ಈ ಸ್ವಿಮ್ಮಿಂಗ್ ಪೂಲ್‌ಗೆ ಮೇ ತಿಂಗಳಲ್ಲಿ ಹೋಗ್ತೀಯಾ?" ಅಂತ ಕೇಳಿದ. ಅವಳು ನಮ್ಮ ಮುಖ ನೋಡಿದಳು. ಇದಕ್ಕೆ ಏನು ಹೇಳುವುದು? ಮಗುವನ್ನು ಮುಂದಿಟ್ಟುಕೊಂಡು ಅಪ್ಪ ಅಮ್ಮನಿಂದ ಹೂಂ ಅನ್ನಿಸುವುದು, ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಅತ್ಯಂತ ಕೆಟ್ಟ ಕೆಲಸ ಅದೇ.

ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಅಂದಿದ್ದು ಮಧ್ಯಾಹ್ನದ ಊಟದ ಹೊತ್ತು ದಾಟಿತು. ಹುಡುಗ ಒಂದು ಬಿಳಿ ಹಾಳೆ ತೆಗೆದು ಲೆಕ್ಕ ಬರೆಯುತ್ತಾ ಹೋದ. ಸದಸ್ಯತ್ವಕ್ಕೆ ವರ್ಷಕ್ಕೆ 6 ರಾತ್ರಿ, 10 ವರ್ಷ, 4 ಲಕ್ಷ. ಅದನ್ನು ಹೊಡೆದುಹಾಕಿ ಮೂರೂವರೆ ಬರೆದ. ಮ್ಯಾನೇಜರ್ ಬಂದರು, ಅದನ್ನೂ ಹೊಡೆದು ಎರಡೂವರೆ ಬರೆದರು. ಪಕ್ಕದಲ್ಲಿ "ಮೇ ತಿಂಗಳು ಓಕೆ", "ಅಜ್ಜಿ ತಾತ ಫ್ರೀ", "ಬೇಡವಾದರೆ ದುಡ್ಡು ವಾಪಸ್" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಸುತ್ತ ಗೆರೆ ಎಳೆದರು. ಆದರೆ ಇದು ಇವತ್ತಿಗೆ ಮಾತ್ರ, ಬಾಗಿಲು ದಾಟಿದರೆ ಈ ರೇಟ್ ಇಲ್ಲ. ನಡುನಡುವೆ ಯಾರೋ ಸಹಿ ಹಾಕಿದರು ಅಂತ ಗಂಟೆ ಬಾರಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮನೆಯವರು ನಾಳೆ ಹೇಳುತ್ತೇವೆ ಅಂದಾಗಲೆಲ್ಲ ಇನ್ನೊಬ್ಬರು ಬಂದು ಕೂರುತ್ತಿದ್ದರು. ಕೊನೆಗೆ ಕಾರ್ಡ್ ಉಜ್ಜಿದ್ದಾಯಿತು, ಉಳಿದದ್ದನ್ನು ಇಎಂಐ ಮಾಡಿದರು.

ಈಗ ಒಂದು ವಿಷಯ ಗಮನವಿಟ್ಟು ಓದಿ. ಆ ಬಿಳಿ ಹಾಳೆಯನ್ನು ಹುಡುಗ ಮಡಚಿ ತನ್ನ ಫೈಲ್‌ನೊಳಗೆ ಇಟ್ಟುಕೊಂಡ. ನಮ್ಮ ಕೈಗೆ ಬಂದದ್ದು ಸಣ್ಣ ಅಕ್ಷರದ ಇಂಗ್ಲಿಷ್ ಒಪ್ಪಂದ ಮಾತ್ರ. ಅದರ ಕೊನೇ ಪುಟಗಳಲ್ಲಿ ಒಂದು ಸಾಲಿತ್ತು. ಬಾಯಿಮಾತಿನಲ್ಲಿ ಯಾರು ಏನೇ ಹೇಳಿದ್ದರೂ ಅದು ಲೆಕ್ಕಕ್ಕಿಲ್ಲ, ಇಲ್ಲಿ ಬರೆದದ್ದಷ್ಟೇ ಒಪ್ಪಂದ ಅಂತ. ಮೇ ತಿಂಗಳು ಓಕೆ ಅಂದದ್ದು, ಅಜ್ಜಿ ತಾತ ಫ್ರೀ ಅಂದದ್ದು ಎಲ್ಲವೂ ಆ ಹಾಳೆಯ ಜೊತೆಗೇ ಹೋಯಿತು. ನೀವು ಯಾವ ಕಾರಣಕ್ಕೋ ಇಂಥ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ, ಅವರು ಬರೆಯುವ ಹಾಳೆಯ ಫೋಟೋ ತಗೊಳ್ಳಿ. ಫೋಟೋ ಬೇಡ ಅಂತ ಅವರು ಅಂದರೆ ಅಲ್ಲಿಂದ ಎದ್ದುಬಿಡಿ. ಯಾರೂ ನಿಮ್ಮನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ.

ರಜೆಗೆ ಮಡಿಕೇರಿ ಕೇಳಿದೆವು. ರೂಮಿಲ್ಲ. ಊಟಿ? ಇಲ್ಲ. ಕೊನೆಗೆ ಕಾರವಾರದ ಕಡೆ ಎಲ್ಲಾದರೂ ಅಂದೆವು, ಅದೂ ಇಲ್ಲ. ಫೆಬ್ರವರಿಯಲ್ಲಿ ಸೋಮವಾರದಿಂದ ಗುರುವಾರದವರೆಗೆ ಬೇಕಾದಷ್ಟು ಇದೆ ಅಂದರು. ಫೆಬ್ರವರಿಯಲ್ಲಿ ಯಾವ ಸ್ಕೂಲಿಗೆ ರಜೆ? ಮಾರ್ಚ್‌ನಲ್ಲಿ ಪರೀಕ್ಷೆ ಇಟ್ಟುಕೊಂಡು ಯಾರು ಮಕ್ಕಳನ್ನು ರೆಸಾರ್ಟ್‌ಗೆ ಕರೆದುಕೊಂಡು ಹೋಗುತ್ತಾರೆ?

ಮಕ್ಕಳಿರುವವರು ಯೋಚಿಸಬೇಕಾದ್ದು ಇದನ್ನೇ ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ನಮ್ಮ ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಅಂತ ಇರುವುದು ಎರಡೇ. ದಸರಾ ರಜೆ ಒಂದು, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ ಇನ್ನೊಂದು. ಕೆಲವು ಶಾಲೆಗಳಲ್ಲಿ ಕ್ರಿಸ್‌ಮಸ್‌ಗೆ ನಾಲ್ಕು ದಿನ ಸಿಗಬಹುದು. ಇವೇ ದಿನಗಳನ್ನು ಒಪ್ಪಂದದಲ್ಲಿ ಪೀಕ್ ಸೀಸನ್ ಅಂತ ಬೇರೆ ಮಾಡಿರುತ್ತಾರೆ. ಸದಸ್ಯರು ಎಲ್ಲರೂ ಮಕ್ಕಳಿರುವವರೇ, ಎಲ್ಲರೂ ಒಂದೇ ವಾರ ಕೇಳುತ್ತಾರೆ, ಆದರೆ ಇರುವ ರೂಮು ಅಷ್ಟೇ. ಅಂದಮೇಲೆ ಎಲ್ಲರಿಗೂ ಸಿಗುವ ಮಾತೇ ಇಲ್ಲ. ಮಾರುವಾಗ ಮೇ ತಿಂಗಳ ಈಜುಕೊಳ ತೋರಿಸಿ, ಕೊಡುವಾಗ ಫೆಬ್ರವರಿಯ ಮಂಗಳವಾರ ಕೊಡುತ್ತಾರೆ.

ಇನ್ನೊಂದು ಯಾರೂ ಹೇಳದ ಮಾತು ಇದೆ. ಹತ್ತು ವರ್ಷದ ಒಪ್ಪಂದ ಅಂತಾರೆ, ಕೆಲವರು ಇಪ್ಪತ್ತೈದು ವರ್ಷದ್ದು ಮಾರುತ್ತಾರೆ. ನಮ್ಮ ಒಪ್ಪಂದದ ಪ್ರಕಾರ ಒಂದು ರೂಮಿಗೆ ಇಬ್ಬರು ದೊಡ್ಡವರು, 12 ವರ್ಷದೊಳಗಿನ ಇಬ್ಬರು ಮಕ್ಕಳು. ಎಂಟು ವರ್ಷದ ಮಗಳು ನಾಲ್ಕೇ ವರ್ಷಕ್ಕೆ ದೊಡ್ಡವರ ಲೆಕ್ಕಕ್ಕೆ ಬರುತ್ತಾಳೆ, ಆಮೇಲೆ ಹೆಚ್ಚಿಗೆ ದುಡ್ಡು. ಅತ್ತೆ ಮಾವನನ್ನು ಕರೆದುಕೊಂಡು ಹೋದರೆ ಇನ್ನೊಂದು ರೂಮು, ಒಂದು ರಾತ್ರಿ ಉಳಿದರೆ ನಮ್ಮ ಲೆಕ್ಕದಿಂದ ಎರಡು ರಾತ್ರಿ ಕಳೆಯುತ್ತಾರೆ. ಅದರ ಮೇಲೆ ಎಂಟನೇ ಕ್ಲಾಸು ದಾಟಿದ ಮೇಲೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಅಂತ ಗೊತ್ತೇ ಇದೆಯಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ, ನೀಟ್ ಅಂತ ಬೇಸಿಗೆ ರಜೆಯೂ ಕೋಚಿಂಗ್‌ಗೆ ಹೋಗುತ್ತದೆ. ಮಕ್ಕಳು ಖುಷಿಯಿಂದ ನಮ್ಮ ಜೊತೆ ಬರುವ ವರ್ಷಗಳೇ ಕಡಿಮೆ, ಆ ಒಪ್ಪಂದ ಅದಕ್ಕಿಂತ ಎಷ್ಟೋ ಉದ್ದ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಎರಡೂವರೆ ಲಕ್ಷ ಸದಸ್ಯತ್ವಕ್ಕೆ. ವರ್ಷ ವರ್ಷ ಕಟ್ಟುವ ನಿರ್ವಹಣಾ ಶುಲ್ಕ ಬೇರೆ, ಹೋಗಲಿ ಬಿಡಲಿ ಅದನ್ನು ಕಟ್ಟಲೇಬೇಕು, ಅದು ಏರುತ್ತಲೂ ಹೋಗುತ್ತದೆ. ವರ್ಷಕ್ಕೆ 9,000 ಅಂತಲೇ ಇಟ್ಟುಕೊಂಡರೂ ಹತ್ತು ವರ್ಷಕ್ಕೆ ಒಟ್ಟು 3,40,000. ಅರವತ್ತು ರಾತ್ರಿಯನ್ನೂ ಬಿಡದೆ ಬಳಸಿದರೆ ರಾತ್ರಿಗೆ 5,600 ರೂಪಾಯಿ ಮೇಲೆ ಬಿತ್ತು. ಇದರಲ್ಲಿ ಊಟವಿಲ್ಲ, ಇಎಂಐ ಬಡ್ಡಿ ಇಲ್ಲ, ಜಿಎಸ್‌ಟಿ ಇಲ್ಲ. ಅದೇ ಎರಡೂವರೆ ಲಕ್ಷವನ್ನು ಶೇ 6.5ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೆ ವರ್ಷಕ್ಕೆ 16,250 ರೂಪಾಯಿ ಬರುತ್ತದೆ. ಅಷ್ಟರಲ್ಲಿ ನಾಲ್ಕು ಜನ ಎರಡು ಮೂರು ರಾತ್ರಿ ಚೆನ್ನಾಗಿ ಇದ್ದು ಬರಬಹುದು, ಅಸಲು ಅಲ್ಲೇ ಇರುತ್ತದೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಮಗುವಿಗೆ ಜ್ವರ ಬಂದರೆ ಹೋಗದೆಯೂ ಇರಬಹುದು.

ಆ ಫ್ರೀ ವೋಚರ್ ಏನಾಯಿತು ಅಂದರೆ, ಅದಕ್ಕೂ ತಲೆಗಿಷ್ಟು ಅಂತ ಶುಲ್ಕ ಮೊದಲೇ ಕಟ್ಟಬೇಕಿತ್ತು. ಶನಿವಾರ ಭಾನುವಾರ ಇಲ್ಲ, ಹಬ್ಬ ಹರಿದಿನ ಇಲ್ಲ. ಬಿಟ್ಟೆವು.

ಈಗ ನಾವು ರಜೆಗೆ ಹೋಗುವ ರೀತಿಯೇ ಬೇರೆ. ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ದಸರಾ ರಜೆ ಯಾವಾಗ ಅಂತ ಸ್ಕೂಲಿನಿಂದ ತಿಳಿದ ಕೂಡಲೇ ಮೊದಲು ಅದನ್ನು ಮಾಡುತ್ತೇವೆ. ಹಂಪಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಹೋಗಿ, ಕಮಲಾಪುರದಲ್ಲಿ ಕೆಎಸ್‌ಟಿಡಿಸಿಯ (ರಾಜ್ಯ ಪ್ರವಾಸೋದ್ಯಮ ನಿಗಮ) ಹೋಟೆಲ್ ಮಯೂರ ಭುವನೇಶ್ವರಿಯಲ್ಲಿ ಉಳಿದೆವು. ಮಗಳಿಗೆ ರಾತ್ರಿ ರೈಲಿನ ಮೇಲಿನ ಬರ್ತ್ ಸಿಕ್ಕಿದ್ದೇ ದೊಡ್ಡ ಹಬ್ಬ. ಐದು ವರ್ಷ ತುಂಬಿದ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ಟಿಕೆಟ್, ಅದು ತಿಳಿದಿರಲಿ. ಮೈಸೂರಿಗೆ ಹೋಗುವವರು ಮಂಗಳವಾರ ಮೃಗಾಲಯ ಮುಚ್ಚಿರುತ್ತದೆ ಅನ್ನುವುದನ್ನು ನೋಡಿಕೊಂಡು ಹೊರಡಿ. ಊಟಿಗೆ, ಕೊಡೈಕೆನಾಲ್‌ಗೆ ಸ್ವಂತ ಕಾರಿನಲ್ಲಿ ಹೋಗುವುದಾದರೆ ಇ-ಪಾಸ್ ಬೇಕು, 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಅದು ಬಂದಿದೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಿಡುವುದಿಲ್ಲ, ಸಣ್ಣ ಮಕ್ಕಳನ್ನು ಕಾರಿನಲ್ಲಿಟ್ಟುಕೊಂಡು ಗೇಟಿನ ಹತ್ತಿರ ರಾತ್ರಿ ಕಳೆಯುವ ಪರಿಸ್ಥಿತಿ ಯಾರಿಗೂ ಬೇಡ. ಇಂಥ ನಾಲ್ಕು ವಿಷಯ ಮೊದಲೇ ನೋಡಿಕೊಂಡರೆ ರಜೆ ಚೆನ್ನಾಗಿಯೇ ಆಗುತ್ತದೆ, ಅದಕ್ಕೆ ಯಾರ ಸದಸ್ಯತ್ವವೂ ಬೇಡ.

ಈಗಾಗಲೇ ಸಹಿ ಹಾಕಿ ಬಂದವರಿಗೆ. ಯಾರೂ ತಮ್ಮನ್ನೇ ಬೈದುಕೊಂಡು ಕೂರಬೇಡಿ, ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ವಕೀಲರು ಎಲ್ಲರೂ ಇದರಲ್ಲಿ ಬಿದ್ದಿದ್ದಾರೆ. ಮೊದಲು ಒಪ್ಪಂದ ತೆಗೆದು, ಇಷ್ಟು ದಿನದೊಳಗೆ ರದ್ದು ಮಾಡಬಹುದು ಅನ್ನುವ ಷರತ್ತು ಇದೆಯಾ ನೋಡಿ. ಕೆಲವದರಲ್ಲಿ ಇರುತ್ತದೆ. ಇದ್ದರೂ ಇಲ್ಲದಿದ್ದರೂ ಅವತ್ತೇ ರದ್ದು ಮಾಡಿ ಅಂತ ಇಮೇಲ್ ಕಳಿಸಿ. ಫೋನಿನಲ್ಲಿ "ನೋಡ್ತೀವಿ ಮೇಡಂ, ಮೇಲಿನವರಿಗೆ ಹೇಳ್ತೀವಿ" ಅನ್ನುತ್ತಾ ಅವರು ದಿನ ತಳ್ಳುತ್ತಾರೆ, ಆ ದಿನಗಳು ಕಳೆದುಹೋಗಲಿ ಅಂತಲೇ ತಳ್ಳುತ್ತಾರೆ. ಏನಿದ್ದರೂ ಬರಹದಲ್ಲಿರಲಿ. ಕಾರ್ಡ್ ಕೊಟ್ಟ ಬ್ಯಾಂಕಿಗೂ ಅದೇ ದಿನ ಬರೆದು ತಕರಾರು ದಾಖಲಿಸಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಆಮೇಲೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಒಪ್ಪಂದದಲ್ಲಿ ಇಂಥ ಊರಿನ ಕೋರ್ಟಿನಲ್ಲೇ ಕೇಸ್ ಹಾಕಬೇಕು ಅಂತ ಬರೆದಿದ್ದಕ್ಕೆ ಹೆದರಿ ತುಂಬಾ ಜನ ಸುಮ್ನೆ ಆಗಿಬಿಡುತ್ತಾರೆ. ನಮಗೂ ಅದನ್ನೇ ತೋರಿಸಿ ಹೆದರಿಸಿದ್ದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತಕರಾರು ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥರ ಮುಂದೆಯೇ ಬಗೆಹರಿಸಿಕೊಳ್ಳಬೇಕು ಅನ್ನುವ ಮಧ್ಯಸ್ಥಿಕೆ ಷರತ್ತು ಇದ್ದರೂ ಗ್ರಾಹಕರ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವೂ ಇಲ್ಲ. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು, ಹಾಗಾಗಿ ಇವತ್ತು ನಾಳೆ ಅಂತ ಮುಂದೂಡಬೇಡಿ. ರೂಮಿಲ್ಲ ಅಂತ ಅವರು ಕಳಿಸಿದ ಪ್ರತಿ ಇಮೇಲ್, ಮೆಸೇಜ್ ಇಟ್ಟುಕೊಳ್ಳಿ. ಫೋನಿನಲ್ಲಿ ಇಲ್ಲ ಅಂದರೆ ನೀವೇ ತಕ್ಷಣ ಒಂದು ಇಮೇಲ್ ಹಾಕಿ, "ಇವತ್ತು ಇಂಥ ತಾರೀಕಿಗೆ ಕೇಳಿದೆವು, ಇಲ್ಲ ಅಂದಿರಿ" ಅಂತ. ನಮ್ಮ ದೂರಿಗೆ ಬಲ ಬಂದದ್ದು ಇಂಥ ಇಮೇಲ್‌ಗಳಿಂದಲೇ.

ಕೊನೆಯದಾಗಿ, ಇದನ್ನು ಹೇಳದೆ ಬಿಟ್ಟರೆ ಆಗುವುದಿಲ್ಲ. ಸದಸ್ಯತ್ವ ತಗೊಂಡವರ ಫೋನ್ ನಂಬರ್‌ಗಳು ಹೇಗೋ ಹೊರಗೆ ಹೋಗುತ್ತವೆ. ಸ್ವಲ್ಪ ಕಾಲದ ಮೇಲೆ ಯಾರೋ ಫೋನ್ ಮಾಡಿ, ನಿಮ್ಮ ಸದಸ್ಯತ್ವ ಮಾರಿಸಿಕೊಡುತ್ತೇವೆ, ದುಡ್ಡು ವಾಪಸ್ ಕೊಡಿಸುತ್ತೇವೆ, ಅದಕ್ಕೆ ಮೊದಲು ಜಿಎಸ್‌ಟಿ ಕಟ್ಟಿ, ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಶುಲ್ಕ ಕಟ್ಟಿ ಅನ್ನುತ್ತಾರೆ. ನಿಮ್ಮ ಸದಸ್ಯತ್ವದ ನಂಬರ್, ಕಟ್ಟಿದ ಮೊತ್ತ ಎಲ್ಲ ಸರಿಯಾಗಿ ಹೇಳುವುದರಿಂದ ನಂಬಿಕೆ ಬರುತ್ತದೆ. ನಮ್ಮ ಮನೆಗೂ ಬಂತು, ನಾವು ಕಟ್ಟಲಿಲ್ಲ. ದುಡ್ಡು ವಾಪಸ್ ಕೊಡುವವರು ಮೊದಲು ದುಡ್ಡು ಕೇಳುವುದಿಲ್ಲ. ಆಗಲೇ ಕಟ್ಟಿಬಿಟ್ಟಿದ್ದರೆ ಒಂದು ಗಂಟೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ತಿಳಿಸಿದಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಜಾಸ್ತಿ.