ಬೆನ್ನುಮೂಳೆ ಆಪರೇಷನ್ ಆದ ಮೇಲೆ ಮೂತ್ರದ ಹಿಡಿತ: ಮನೆಯಲ್ಲೇ ಕೆಗೆಲ್ ಸಾಕಾ, ಬಯೋಫೀಡ್‌ಬ್ಯಾಕ್ ಬೇಕಾ?

ಕೆಗೆಲ್ ಅಂದರೆ ಮೂತ್ರ ಹಿಡಿಯುವ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮ. ಇದಕ್ಕೆ ಖರ್ಚಿಲ್ಲ, ಮಲಗಿಕೊಂಡೇ ಮಾಡಬಹುದು. ಗ್ಯಾಸ್ ತಡೆಯುವಾಗ ಬಿಗಿಯುವ ಸ್ನಾಯುವನ್ನು 5 ಸೆಕೆಂಡ್ ಒಳಕ್ಕೆಳೆದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಬಿಗಿತ ಚೆನ್ನಾಗಿ ಗೊತ್ತಾಗುತ್ತಿದ್ದು, ಕೆಮ್ಮಿದಾಗ ಮಾತ್ರ ಸೋರುತ್ತಿದ್ದರೆ ಸರ್ಜನ್ ಒಪ್ಪಿಗೆ ಪಡೆದು ಇದರಿಂದಲೇ ಶುರು ಮಾಡಿ.

ಆದರೆ ನರಕ್ಕೆ ಪೆಟ್ಟಾದವರಿಗೆ ಸ್ನಾಯು ಬಿಗಿಯಾಯಿತೋ ಇಲ್ಲವೋ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸುಮ್ನೆ ಹೊಟ್ಟೆ, ತೊಡೆ ಬಿಗಿಯುತ್ತಿರುತ್ತಾರೆ. ಅಂಥವರಿಗೆ ಬಯೋಫೀಡ್‌ಬ್ಯಾಕೇ ವಾಸಿ. ಇದರಲ್ಲಿ ಫಿಸಿಯೋಥೆರಪಿಸ್ಟ್ ಸೆನ್ಸರ್ ಇಟ್ಟು ಸ್ನಾಯುವಿನ ಕೆಲಸವನ್ನು ಪರದೆಯಲ್ಲಿ ತೋರಿಸುತ್ತಾರೆ.

ಮೂತ್ರ ಒಳಗೇ ಉಳಿಯುತ್ತಿದ್ದರೆ? ಮೂತ್ರಕೋಶ ತುಂಬಿ ಸೋರುವುದೂ ಉಂಟು. ಆಗ ಮೊದಲು ಮೂತ್ರಕೋಶದ ಸ್ಕ್ಯಾನ್ ಮಾಡಿಸಿ, ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಕೊಳವೆ) ಬೇಕಾಗಬಹುದು. ಕೂರುವ ಭಾಗ ಹೊಸದಾಗಿ ಮರಗಟ್ಟಿದರೆ ಅಥವಾ ಮೂತ್ರ ಕಟ್ಟಿದರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ಎಮರ್ಜೆನ್ಸಿಗೆ ಹೋಗಿ.