ಎಂಜಿನ್ ನಿಂತಿದ್ದರೂ ಒತ್ತಡ ತೋರಿಸಿದ ಡೀಸೆಲ್ ಗಾಡಿ: ಎರಡು ವರ್ಷದ ಬಳಕೆಯ ನಂತರ

ಡಿಸೆಂಬರ್ 2023ರಲ್ಲಿ ನಾವು ಕೊಂಡ ಡೀಸೆಲ್ ಎಸ್‌ಯುವಿ ಮೊದಲ ಎಂಟು ತಿಂಗಳಲ್ಲಿ ಐದು ಸಲ ಸರ್ವಿಸ್ ಸೆಂಟರ್‌ನ ಬಾಗಿಲು ಕಂಡಿತು. ಐದೂ ಸಲ ದೂರು ಒಂದೇ: ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ. ಕಂಪನಿಯ ಹೆಸರನ್ನಾಗಲಿ, ಮಂಗಳೂರಿನಲ್ಲಿರುವ ಡೀಲರರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹೊಗೆಯ ಮಸಿಯನ್ನು ಹಿಡಿಯುವ ಇದೇ ಬಗೆಯ ಫಿಲ್ಟರ್ ಇರುವ ಯಾವ ಕಂಪನಿಯ ಡೀಸೆಲ್ ಗಾಡಿಗೂ ನಾನು ಹೇಳುವುದು ಬಹುಪಾಲು ಹೊಂದುತ್ತದೆ. ಗಾಡಿಯ ಬಗ್ಗೆ ಸ್ವಲ್ಪ, ಅದನ್ನು ರಿಪೇರಿ ಮಾಡಿದ ಬಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುವುದಿದೆ.

ನಮ್ಮ ಮನೆ ಉಡುಪಿಯ ಅಂಬಲಪಾಡಿಯಲ್ಲಿ. ನಾನು ಪಾಠ ಮಾಡುವ ಕಾಲೇಜು ಮಣಿಪಾಲದಲ್ಲಿ. ಏಳು ಕಿಲೋಮೀಟರಿನ ದಾರಿ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಕಲ್ಸಂಕದಲ್ಲಿ ಒಂದಷ್ಟು ಹೊತ್ತು, ಇಂದ್ರಾಳಿಯಲ್ಲಿ ಇನ್ನೊಂದಷ್ಟು ಹೊತ್ತು ನಿಂತು, ಎರಡನೇ ಗೇರಿನಲ್ಲಿಯೇ ಗುಡ್ಡ ಹತ್ತಿ, ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಕಾಲೇಜಿನ ಗೇಟು ಬಂದುಬಿಡುತ್ತದೆ. ತೀರ್ಥಹಳ್ಳಿಯಲ್ಲಿರುವ ತವರಿಗೆ ಹೋಗುವಾಗ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಐದು ಜನರನ್ನೂ ಅವರ ಗಂಟುಮೂಟೆಯನ್ನೂ ಹೊತ್ತು ಹತ್ತಬೇಕು ಎಂಬ ಒಂದೇ ಕಾರಣಕ್ಕೆ ನಾನು ಡೀಸೆಲ್ ಆರಿಸಿಕೊಂಡೆ. 'ಅಕ್ಕ, ವರ್ಷಕ್ಕೆ ನಾಲ್ಕು ಸಲ ಘಾಟಿ ಹತ್ತುವುದಕ್ಕೆ ಡೀಸೆಲ್ ಯಾಕೆ?' ಎಂದು ತಮ್ಮ ಕೇಳಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅವನು ಕೇಳಿದ ಪ್ರಶ್ನೆಯನ್ನು ಶೋರೂಮಿನಲ್ಲಿ ಯಾರೂ ಕೇಳಲಿಲ್ಲ ಎಂಬುದನ್ನು ಮಾತ್ರ ದಾಖಲಿಸಲೇಬೇಕು. ಬಣ್ಣ ಯಾವುದು, ಸಾಲ ಬೇಕೇ, ಹಳೆಯ ಗಾಡಿ ಕೊಡುತ್ತೀರಾ, ಸೀಟ್ ಕವರ್ ಯಾವ ತರಹದ್ದು ಎಂದು ಒಂದು ಗಂಟೆ ವಿಚಾರಿಸಿದವರು, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಒಂದು ಸಲವೂ ಕೇಳಲಿಲ್ಲ.

ಆ ಪ್ರಶ್ನೆ ಏಕೆ ಮುಖ್ಯ ಎಂಬುದು ನನಗೆ ತಿಳಿದದ್ದು ಆಮೇಲೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದಾಗ ಡೀಸೆಲ್ಲಿನ ಗಂಧಕದ ಮಿತಿ ಹತ್ತು ಲಕ್ಷ ಪಾಲಿಗೆ 50ರಿಂದ 10ಕ್ಕೆ ಇಳಿಯಿತು. ಜೊತೆಗೆ ಹೊಸ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಬಂದು ಕುಳಿತಿತು. ಹಿಡಿದ ಮಸಿ ಎಲ್ಲಿಗಾದರೂ ಹೋಗಬೇಕಲ್ಲ? ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಹೊಗೆಯ ಶಾಖಕ್ಕೆ ಅದು ಮೆಲ್ಲಮೆಲ್ಲನೆ ತಾನೇ ಸುಟ್ಟುಹೋಗುತ್ತದೆ. ಪೇಟೆಯಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲವಾದ್ದರಿಂದ, ಫಿಲ್ಟರ್ ತುಂಬುತ್ತಿದೆ ಎಂದು ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಕಂಪ್ಯೂಟರಿಗೆ ಅನ್ನಿಸಿದಾಗ ಅದು ಸಿಲಿಂಡರಿಗೆ ತಡವಾಗಿ ಒಂದಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರಿನ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ವರ್ಕ್‌ಶಾಪಿನವರ ಬಾಯಲ್ಲಿ ಬರೀ 'ರೀಜೆನ್'. ಅದು ಮುಗಿಯಲು ಹತ್ತು ಹದಿನೈದು ನಿಮಿಷವಾದರೂ ಗಾಡಿ ನಿಲ್ಲದೆ ಓಡಬೇಕು. ನಾನು ಪ್ರತಿದಿನ ಮಾಡುತ್ತಿದ್ದದ್ದು, ರೀಜೆನ್ ಶುರುವಾಗುವ ಹೊತ್ತಿಗೆ ಸರಿಯಾಗಿ ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡುವುದು.

ಮೊದಲ ದೀಪ ಹತ್ತಿದ್ದು ಮಾರ್ಚ್ 2024ರಲ್ಲಿ, 2,150 ಕಿಲೋಮೀಟರ್ ಓಡಿದಾಗ. ಫೋನ್ ಮಾಡಿದರೆ 'ತನ್ನಿ ಮೇಡಂ, ನೋಡುವ' ಎಂದರು. ಮರುದಿನ ರಜೆ ಹಾಕಿ ಮಂಗಳೂರಿಗೆ ಹೊರಟೆ. ಕಾಪು, ಪಡುಬಿದ್ರಿ, ಮುಲ್ಕಿ ದಾಟಿ ಹೆದ್ದಾರಿಯಲ್ಲಿ ಎಪ್ಪತ್ತು ಎಂಬತ್ತರ ವೇಗದಲ್ಲಿ ಬಂದು ಸುರತ್ಕಲ್ ತಲಪುವಷ್ಟರಲ್ಲಿ ದೀಪ ಆರಿತ್ತು! ಹಲ್ಲುನೋವಿನವರಿಗೆ ಡಾಕ್ಟರರ ಬಾಗಿಲಲ್ಲಿ ನೋವು ಮಾಯವಾಗುವಂತೆ, ರೀಜೆನ್‌ಗೆ ಬೇಕಾದ ಓಟ ದಾರಿಯಲ್ಲಿಯೇ ಸಿಕ್ಕಿ ಫಿಲ್ಟರ್ ತನ್ನಷ್ಟಕ್ಕೆ ಸ್ವಚ್ಛವಾಗಿತ್ತು. ಸರ್ವಿಸ್ ಅಡ್ವೈಸರ್ ಸ್ಕ್ಯಾನರ್ ಜೋಡಿಸಿ, ಇಸಿಯುನಲ್ಲಿ ಉಳಿದಿದ್ದ, ದೋಷ ಯಾವುದೆಂದು ಹೇಳುವ ಹಳೆಯ ಕೋಡನ್ನು ಅಳಿಸಿ, 'ಏನೂ ಇಲ್ಲ ಮೇಡಂ, ಕ್ಲಿಯರ್ ಮಾಡಿದ್ದೇವೆ' ಎಂದು ಕೀಲಿ ಕೊಟ್ಟರು. ಏಪ್ರಿಲ್‌ನಲ್ಲಿಯೂ ಇದೇ ನಡೆಯಿತು. ಜೂನ್‌ನಲ್ಲಿಯೂ ಇದೇ. ಉಡುಪಿಯಲ್ಲಿ ಬರುವ ಕಾಯಿಲೆಯನ್ನು ಮಂಗಳೂರಿನಲ್ಲಿ ತೋರಿಸಲು ಆಗುವುದೇ ಇಲ್ಲ ಎಂಬುದು ನನಗೆ ಅರ್ಥವಾಗಲು ಮೂರು ರಜೆ ಖರ್ಚಾಯಿತು. ನಡುವೆ ಒಬ್ಬರು, 'ಮನೆಯವರು ಓಡಿಸುವಾಗಲೂ ಹೀಗೆ ಆಗುತ್ತದಾ ಮೇಡಂ?' ಎಂದು ಕೇಳಿದ್ದೂ ಉಂಟು. ನಮ್ಮ ಮನೆಯವರಿಗೆ ಡ್ರೈವಿಂಗ್ ಲೈಸೆನ್ಸೇ ಇಲ್ಲ.

ಕೋಡ್ ಅಳಿಸುವ ಈ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ಜ್ವರ ಅಳೆದು, ಬರೆದಿಡದೆ, ಥರ್ಮಾಮೀಟರನ್ನು ಕೊಡವಿ ಇಟ್ಟಂತೆ ಅದು. ದೂರನ್ನೂ ಮಾಡಿದ ಕೆಲಸವನ್ನೂ ಬರೆದುಕೊಡುವ ಜಾಬ್ ಕಾರ್ಡುಗಳಲ್ಲಿ ಮೊದಲ ಎರಡರಲ್ಲಿ 'ಜನರಲ್ ಚೆಕಪ್' ಎಂದಷ್ಟೇ ಇತ್ತು. ಮೂರನೆಯ ಸಲ, ದೀಪಕ್ಕೆ ಕಾರಣವಾದ ಕೋಡನ್ನು ಬರೆಯದೆ ನಾನು ಸಹಿ ಹಾಕುವುದಿಲ್ಲ ಎಂದು ಕೌಂಟರಿನಲ್ಲಿ ನಿಂತುಕೊಂಡ ಮೇಲೆ 'ಪಿ 2463' ಎಂದು ಪೆನ್ನಿನಲ್ಲಿ ಬರೆದುಕೊಟ್ಟರು. ಫಿಲ್ಟರಿನಲ್ಲಿ ಮಸಿ ಮಿತಿಮೀರಿದೆ ಎಂಬುದು ಅದರ ಅರ್ಥ. ಮುಂದಿನದಕ್ಕೆಲ್ಲ ಆ ಒಂದು ಸಾಲೇ ಆಧಾರವಾಯಿತು.

ಅಷ್ಟರಲ್ಲಿ ಬೇರೆ ಲಕ್ಷಣಗಳೂ ಕಾಣಿಸತೊಡಗಿದ್ದವು. ಮನೆಗೆ ಬಂದು ಎಂಜಿನ್ ಆಫ್ ಮಾಡಿದ ಮೇಲೆಯೂ ಮುಂದಿನ ಫ್ಯಾನ್ ನಾಲ್ಕೈದು ನಿಮಿಷ ಗುರ್ ಎನ್ನುತ್ತಿತ್ತು. ನಮ್ಮ ಕಟ್ಟಡದ ವಾಚ್‌ಮನ್ ಎರಡು ಸಲ ಮೇಲೆ ಬಂದು, 'ಮೇಡಂ, ಗಾಡಿ ಆಫ್ ಮಾಡಲು ಮರೆತಿದ್ದೀರಿ' ಎಂದು ಹೇಳಿಹೋದರು. ಅರ್ಧಕ್ಕೆ ನಿಂತ ರೀಜೆನ್‌ನ ಗುರುತು ಅದು. ಅದಕ್ಕಿಂತ ಗಂಭೀರವಾದದ್ದು ಆಯಿಲ್. ಒಂದು ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಇಳಿಸಿ ನೋಡಿದರೆ ಮಟ್ಟ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಹಾಕದ ಆಯಿಲ್ ಹೆಚ್ಚಾಗುವುದು ಹೇಗೆ? ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಆಯಿಲ್ಲಿನ ಜಿಗುಟು ಇಲ್ಲ, ಮೂಗಿಗೆ ಹಿಡಿದರೆ ಡೀಸೆಲ್ಲಿನ ವಾಸನೆ. ರೀಜೆನ್‌ಗೆಂದು ಚಿಮ್ಮಿಸಿದ ಡೀಸೆಲ್ಲಿನಲ್ಲಿ ಸುಡದೆ ಉಳಿದದ್ದು ಸಿಲಿಂಡರಿನ ಗೋಡೆಯಗುಂಟ ಜಾರಿ ಕೆಳಗಿನ ಆಯಿಲ್ಲಿಗೆ ಸೇರುತ್ತದೆ. ರೀಜೆನ್ ಪದೇ ಪದೇ ಶುರುವಾಗಿ ಪದೇ ಪದೇ ನಿಂತರೆ ಆಯಿಲ್ ತೆಳ್ಳಗಾಗುತ್ತ ಹೋಗಿ, ಎಂಜಿನ್ನಿನ ಸವೆತವನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ದೀಪ ಹತ್ತದಿದ್ದರೂ ಈ ಕಡ್ಡಿಯನ್ನು ತಿಂಗಳಿಗೊಮ್ಮೆ ನೋಡಿ ಎಂದು ಡೀಸೆಲ್ ಗಾಡಿ ಇರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಆಯಿಲ್ ಕಡಿಮೆಯಾಗಿದೆಯೇ ಎಂದು ನೋಡುವವರು ಹೆಚ್ಚಾಗಿದೆಯೇ ಎಂದು ನೋಡುವುದಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಆಟಿಯ ಮಳೆ ಧಾರಾಕಾರವಾಗಿ ಸುರಿಯುತ್ತಿದ್ದಾಗ, ಇಂದ್ರಾಳಿ ದಾಟಿ ಮಣಿಪಾಲದ ಏರು ಹಿಡಿದ ಗಾಡಿ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡಿತು. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಮುಳ್ಳು 2,500 ಆರ್‌ಪಿಎಂ ದಾಟಲಿಲ್ಲ. ಹಿಂದಿನಿಂದ ಸಿಟಿ ಬಸ್ಸು ಬಿಡದೆ ಹಾರನ್ ಹೊಡೆಯುತ್ತಿತ್ತು. ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿಯನ್ನು ಇಳಿಸಿಕೊಳ್ಳುವ ಈ ಸ್ಥಿತಿಗೆ ಲಿಂಪ್ ಮೋಡ್ ಎಂದು ಹೆಸರು. ಕುಂಟುತ್ತ ಕಾಲೇಜು ಸೇರಿದ ಗಾಡಿಯನ್ನು ಈ ಸಲ ಓಡಿಸಿಕೊಂಡು ಹೋಗಲು ನಾನು ಒಪ್ಪಲಿಲ್ಲ. ವಾರಂಟಿಯೊಂದಿಗೆ ಬಂದಿದ್ದ ರಸ್ತೆ ನೆರವಿನ ಲಾರಿಯ ಮೇಲೆ ಅದನ್ನು ಮಂಗಳೂರಿಗೆ ಕಳಿಸಿದೆ. ದೀಪ ಆರಿಹೋಗದೆ ತಲಪಲಿ ಎಂಬುದೇ ನನ್ನ ಉದ್ದೇಶವಾಗಿತ್ತು.

ದೀಪ ಉರಿಯುತ್ತಿರುವ ಗಾಡಿ ಎದುರಿಗೆ ಬಂದಾಗ ಮಾತಿನ ಧಾಟಿ ಬದಲಾಯಿತು. 'ಯಾವ ಬಂಕಿನಲ್ಲಿ ಡೀಸೆಲ್ ಹಾಕಿಸುತ್ತೀರಿ?' ಎಂದು ಕೇಳಿದರು. ಒಂದೇ ಬಂಕಿನ ಏಳು ತಿಂಗಳ ರಸೀದಿಗಳನ್ನು ತೋರಿಸಿದೆ. ಆಮೇಲೆ, 'ನಿಮ್ಮ ಓಡಾಟ ಕಡಿಮೆ, ಅದಕ್ಕೇ ಹೀಗೆ. ಇದು ವಾರಂಟಿಗೆ ಬರುವುದಿಲ್ಲ' ಎಂದರು. ಯಂತ್ರದ ಮೂಲಕ ಬಲವಂತದ ರೀಜೆನ್ ಮಾಡಿ, ಆಯಿಲ್ ಬದಲಿಸಿ, 6,400 ರೂಪಾಯಿಯ ಬಿಲ್ ಕೊಟ್ಟರು. ಮೂರೇ ವಾರದಲ್ಲಿ ದೀಪ ಮತ್ತೆ ಹತ್ತಿತು.

ಅಂದು ರಾತ್ರಿ ಕುಳಿತು, ದಿನಾಂಕ, ಕಿಲೋಮೀಟರ್, ಕೋಡ್, ಅವರು ಹೇಳಿದ ಕಾರಣ ಇವಿಷ್ಟನ್ನು ಒಂದು ಪಟ್ಟಿ ಮಾಡಿ, ಜಾಬ್ ಕಾರ್ಡುಗಳ ಚಿತ್ರಗಳೊಂದಿಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಕಳಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು, ಅದಕ್ಕೆ ಎರಡು ವರ್ಷದ ಅವಧಿ ಇದೆ, ಹಾಗಾಗಿ ನಾನು ಉಡುಪಿಯಲ್ಲಿಯೇ ದೂರು ಕೊಡಬಲ್ಲೆ ಎಂಬುದನ್ನೂ ಸೌಮ್ಯವಾಗಿಯೇ ಬರೆದೆ. ಗಾಡಿಯಲ್ಲಿ ತಯಾರಿಕೆಯ ದೋಷವಿದೆ ಎಂದು ಸಾಧಿಸುವ ಹೊಣೆ ದೂರುದಾರರ ಮೇಲೆಯೇ ಬೀಳುವುದರಿಂದ, ದೀಪದ ಫೋಟೋಗಿಂತ ಕೋಡ್ ಬರೆದ ಜಾಬ್ ಕಾರ್ಡಿಗೆ ಬೆಲೆ ಹೆಚ್ಚು. ಇ-ಮೇಲ್ ಹೋದ ನಾಲ್ಕನೆಯ ದಿನ ಡೀಲರರಿಂದಲೇ ಫೋನ್ ಬಂತು.

ಐದನೆಯ ಭೇಟಿಯಲ್ಲಿ ನನ್ನ ಗಾಡಿ ಒಬ್ಬ ಯುವ ತಂತ್ರಜ್ಞರ ಕೈಗೆ ಬಿತ್ತು. ಅವರು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು. ಅನಂತರ ಬಾನೆಟ್ ತೆರೆಯದೆ, ಎಂಜಿನ್ ಸ್ಟಾರ್ಟ್ ಮಾಡದೆ, ಬರೀ ಇಗ್ನಿಷನ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಇಳಿಸುತ್ತ ಹೋದರು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಫಿಲ್ಟರಿನ ಹಿಂದಿನ ಮತ್ತು ಮುಂದಿನ ಒತ್ತಡದ ವ್ಯತ್ಯಾಸವನ್ನು ಅಳೆಯುವ ಸೆನ್ಸರ್ 14 ಹೆಕ್ಟೊಪ್ಯಾಸ್ಕಲ್ ಎಂದು ತೋರಿಸುತ್ತಿತ್ತು. 'ನೋಡಿ ಮೇಡಂ, ಎಂಜಿನ್ ನಿಂತಿದೆ. ಹೊಗೆಯೇ ಇಲ್ಲ. ಇದು ಸೊನ್ನೆ ಇರಬೇಕು.'

ವಿಷಯ ಅಷ್ಟೇ. ಫಿಲ್ಟರಿನಲ್ಲಿ ಎಷ್ಟು ಮಸಿ ಇದೆ ಎಂಬುದನ್ನು ಇಸಿಯು ಲೆಕ್ಕ ಹಾಕುವುದರಲ್ಲಿ ಈ ಸೆನ್ಸರಿನ ಅಂಕಿಗೆ ದೊಡ್ಡ ಪಾಲಿದೆ. ಸೊನ್ನೆ ಇರಬೇಕಾದಲ್ಲಿಯೇ ಹದಿನಾಲ್ಕು ತೋರಿಸುವ ಸೆನ್ಸರನ್ನು ನಂಬಿ, ಅರೆ ತುಂಬಿದ ಫಿಲ್ಟರನ್ನು ಪೂರ್ತಿ ತುಂಬಿದೆ ಎಂದೆಣಿಸಿ, ಅದು ನೂರು ಕಿಲೋಮೀಟರಿಗೂ ಮೊದಲೇ ರೀಜೆನ್ ಶುರುಮಾಡುತ್ತಿತ್ತು. ನನ್ನ ಏಳು ಕಿಲೋಮೀಟರಿನ ಓಡಾಟ ಅದನ್ನು ಮುಗಿಯಗೊಡುತ್ತಿರಲಿಲ್ಲ. ಪ್ರತಿ ಸೋಲಿನಲ್ಲಿಯೂ ಒಂದಷ್ಟು ಡೀಸೆಲ್ ಆಯಿಲ್ಲಿಗೆ ಇಳಿಯುತ್ತಿತ್ತು. ತಪ್ಪು ಇನ್ನೂ ದೊಡ್ಡದಾಗಿದ್ದರೆ ಸೆನ್ಸರೇ ಕೆಟ್ಟಿದೆ ಎಂಬ ಬೇರೆ ಕೋಡ್ ಬರುತ್ತಿತ್ತಂತೆ. ಕೋಡ್ ತರಿಸುವಷ್ಟು ದೊಡ್ಡದಲ್ಲ, ಸುಮ್ಮನೆ ಬಿಡುವಷ್ಟು ಚಿಕ್ಕದೂ ಅಲ್ಲ. ಸೆನ್ಸರನ್ನು ವಾರಂಟಿಯಲ್ಲಿ ಬದಲಿಸಿ, ಹೊಸದರ ಅಂಕಿಯನ್ನು ಇಸಿಯುಗೆ ಕಲಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂಳೂರು ಸೇತುವೆ ದಾಟಿ ಸುರತ್ಕಲ್‌ವರೆಗೆ ಓಡಿಸಿ ತೋರಿಸಿದರು. ಮೊದಲ ದಿನವೇ ಎರಡು ನಿಮಿಷದಲ್ಲಿ ನೋಡಬಹುದಾಗಿದ್ದ ಅಂಕಿಯನ್ನು ನೋಡಲು ಐದು ತಿಂಗಳು ಹಿಡಿದದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಅದಾದ ಮೇಲೆ ಗಾಡಿ 9,300 ಕಿಲೋಮೀಟರ್ ಓಡಿದೆ. ಎಂಜಿನ್ನಿನ ದೀಪ ಮತ್ತೆ ಹತ್ತಿಲ್ಲ. ರೀಜೆನ್ ಈಗ ಮುನ್ನೂರೈವತ್ತು ನಾನೂರು ಕಿಲೋಮೀಟರಿಗೊಮ್ಮೆ ಬರುತ್ತದೆ. ನಿಂತಲ್ಲಿ ಆರ್‌ಪಿಎಂ ತುಸು ಏರಿದ್ದು, ಮೈಲೇಜಿನ ಅಂಕಿ ಕುಸಿದದ್ದು, ಬಿಸಿ ಕಬ್ಬಿಣದಂತಹ ವಾಸನೆ, ಇವುಗಳಿಂದ ಗೊತ್ತಾಗುತ್ತದೆ. ಗೊತ್ತಾದ ದಿನ ಮನೆಯ ಕಡೆ ತಿರುಗದೆ ಹೆದ್ದಾರಿಯಲ್ಲಿ ಬ್ರಹ್ಮಾವರದವರೆಗೆ ನಾಲ್ಕನೇ ಗೇರಿನಲ್ಲಿ, ಎರಡು ಸಾವಿರ ಆರ್‌ಪಿಎಂಗಿಂತ ಕೆಳಗಿಳಿಸದೆ ಹೋಗಿಬರುತ್ತೇನೆ. ಇದು ಗಾಡಿಯ ಮಿತಿ, ಒಪ್ಪಿಕೊಂಡಿದ್ದೇನೆ. ಬಿಸಿಯಾಗಿರುವ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು ಎಂಬ ಎಚ್ಚರಿಕೆ ಮ್ಯಾನುಯಲ್‌ನಲ್ಲಿದೆ. ಬೇಸಿಗೆಯಲ್ಲಿ ಗದ್ದೆಯ ಬದಿ ನಡೆಯುವ ಯಕ್ಷಗಾನಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗಾಡಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಘಾಟಿಯಲ್ಲಿ ಅದರ ಎಳೆತಕ್ಕೆ ಸಾಟಿಯಿಲ್ಲ, ಹೆದ್ದಾರಿಯಲ್ಲಿ ಲೀಟರಿಗೆ ಹದಿನೆಂಟು ಕೊಡುತ್ತದೆ, ಸೀಟುಗಳು ಚೆನ್ನಾಗಿವೆ. ದಿನವೂ ಉಡುಪಿಯಿಂದ ಮಂಗಳೂರಿಗೆ ಹೋಗಿಬರುವವರು ಕಣ್ಣುಮುಚ್ಚಿ ಕೊಳ್ಳಬಹುದು. ನನ್ನಂತೆ ಪೇಟೆಯೊಳಗೇ ತಿರುಗುವವರು ಪೆಟ್ರೋಲ್ ನೋಡಿಕೊಳ್ಳಿ. ಸರ್ವಿಸ್ ಸೆಂಟರಿಗೆ ಎರಡು, ಅದೂ ಆ ಒಬ್ಬ ತಂತ್ರಜ್ಞರ ಲೆಕ್ಕದಲ್ಲಿ. ದೋಷ ಸೆನ್ಸರಿನದ್ದು ಎಂದು ಅವರೇ ಬರೆದುಕೊಟ್ಟ ಮೇಲೆ, ಆಯಿಲ್ ಬದಲಿಸಿದ್ದಕ್ಕೆ ಪಡೆದ 6,400 ರೂಪಾಯಿಯನ್ನು ಹಿಂದಿರುಗಿಸಿ ಎಂದು ಕೇಳಿದೆ. 'ಗುಡ್‌ವಿಲ್' ಎಂಬ ಹೆಸರಿನಲ್ಲಿ 3,200 ಬಂತು. ಉಳಿದದ್ದಕ್ಕೆ ತಿಂಗಳಿಗೊಂದು ಇ-ಮೇಲ್ ಕಳಿಸುತ್ತಿದ್ದೇನೆ. ಹದಿಮೂರನೆಯದು ನಿನ್ನೆ ಹೋಗಿದೆ.