ಎಲೆಕ್ಟ್ರಿಕ್ ಗಾಡಿ ಮೇಲೆ ಗೊಬ್ಬರದ ಚೀಲ ಸಾಗಿಸ್ಬೇಡಿ, ನನ್ ಗಾಡಿಗೆ ಏನಾಯ್ತು ನೋಡಿ

ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರ ಕಡೆ ಎಲೆಕ್ಟ್ರಿಕ್ ಸ್ಕೂಟರ್ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಗಾಡಿ ತಗೊಂಡು ಇನ್ನೂ ಎರಡು ವರ್ಷ ಆಗಿಲ್ಲ, ಮೊನ್ನೆ ಚಿಕ್ಕಮಗಳೂರಲ್ಲಿ ರಿಪೇರಿಗೆ 19 ಸಾವಿರ ಕೊಟ್ಟು ಬಂದೆ. ವಾರಂಟಿ ಬರಲ್ಲ ಅಂದ್ಬಿಟ್ರು.

ಒಂದಿನ ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ವಿ, ಅಮ್ಮ ಎದ್ದು ಏನೋ ಸುಟ್ಟ ವಾಸನೆ ಬರ್ತಿದೆ ಕಣೋ ಅಂದ್ರು, ಓಡಿ ಹೋಗಿ ಸ್ವಿಚ್ ಆಫ್ ಮಾಡಿ ನೋಡಿದ್ರೆ ಚಾರ್ಜಿಂಗ್ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿತ್ತು. ಮಳೆ ನೀರು ಹೋಗಿರ್ಬೇಕು ಅಂತಾನೇ ಅಂದ್ಕೊಂಡೆ. ನಮ್ ಕಡೆ ಆರಿದ್ರ ಮಳೆ ಹಿಡೀತು ಅಂದ್ರೆ ಪುಷ್ಯ ಮುಗಿಯೋವರೆಗೂ ಬಟ್ಟೆನೇ ಒಣಗಲ್ಲ.

ಆದ್ರೆ ಮೆಕ್ಯಾನಿಕ್ ಫುಟ್‌ಬೋರ್ಡ್ ಬಿಚ್ಚಿ ನನ್ನನ್ನ ಕರೆದು ಕೇಳಿದ್ದೇ ಬೇರೆ, "ಅಣ್ಣಾ, ಇದ್ರ ಮೇಲೆ ಏನ್ ಸಾಗಿಸ್ತಿದ್ರಿ?" ಮ್ಯಾಟ್ ಕೆಳಗೆ ಕೆಂಪು ಹರಳು ಕರಗಿ ಅಂಟಿತ್ತು, ಬ್ಯಾಟರಿ ಹಿಡಿದಿರೋ ಕ್ಲಾಂಪಿನ ಬೋಲ್ಟ್‌ಗಳು ಪದರ ಪದರ ಎದ್ದಿದ್ವು, ಕನೆಕ್ಟರ್ ಪಿನ್ನೆಲ್ಲ ಹಸಿರು. ಪೊಟ್ಯಾಷ್. ಮೇ ತಿಂಗಳಲ್ಲಿ ತೋಟಕ್ಕೆ ಗೊಬ್ಬರ ಕೊಡುವಾಗ 50 ಕೆಜಿ ಚೀಲ ಕಾಲ ಹತ್ರ ಇಟ್ಕೊಂಡು ಏಳೆಂಟು ಟ್ರಿಪ್ ಹೊಡೆದಿದ್ದೆ, ಒಂದೆರಡು ಚೀಲ ಮೂಲೇಲಿ ಹರಿದಿದ್ವು, ಉದುರಿದ್ದನ್ನ ಕೈಯಲ್ಲಿ ಒರೆಸಿ ಸುಮ್ನಾಗಿದ್ದೆ.

ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡಿಗೆ ಉಪ್ಪಿನ ಅಣ್ಣತಮ್ಮನೇ. ಘಾಟಿ ಕೆಳಗೆ ಸಮುದ್ರದ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ ಅಂತೀವಲ್ಲ, ಆ ಉಪ್ಪಿನ ಕೆಲಸಾನೇ ಇದೂ ಮಾಡುತ್ತೆ. ಪೆಟ್ರೋಲ್ ಗಾಡೀಲಿ ಫುಟ್‌ಬೋರ್ಡ್ ಕೆಳಗೆ ಇಷ್ಟೊಂದು ವೈರು ಇರಲ್ಲ, ಈ ಗಾಡೀಲಿ ಬ್ಯಾಟರಿನೇ ಅಲ್ಲಿ ಕೂತಿರುತ್ತೆ. ಪಿನ್ನಿಗೆ ಕಿಲುಬು ಹಿಡಿದ್ರೆ ಕರೆಂಟ್ ಸರಾಗ ಹರಿಯಲ್ಲ, ಅಲ್ಲೇ ಬಿಸಿಯಾಗಿ ಕರಗುತ್ತೆ.

ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್, ಇನ್ನೂ ಕೆಟ್ಟದು. ತೋಟಕ್ಕೆ ಹೊಡೆಯೋಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯ್ತಾ ಅಂತ ಚಾಕು ಅದ್ದಿ ನೋಡ್ತೀವಲ್ಲ, ಸಾಕಾಗದಿದ್ರೆ ಚಾಕುವಿನ ಕಬ್ಬಿಣ ಕರಗಿ ಆ ಜಾಗದಲ್ಲಿ ಕೆಂಪಗೆ ತಾಮ್ರ ಕೂರುತ್ತೆ. ಆ ನೀರು ಗಾಡಿ ಮೇಲೆ ಚೆಲ್ಲಿದ್ರೂ ಕಬ್ಬಿಣನ ಹಾಗೇ ತಿನ್ನುತ್ತೆ.

ಇದ್ರ ಜೊತೆ ನಾನು ಇನ್ನೂ ಎರಡು ತಪ್ಪು ಮಾಡಿದ್ದೆ. ಸಂಜೆ ಒದ್ದೆ ಗಾಡಿ ತಂದು ಹಾಗೇ ದಪ್ಪ ಪ್ಲಾಸ್ಟಿಕ್ ಕವರ್ ನೆಲದವರೆಗೂ ಎಳೆದು ಕಟ್ತಿದ್ದೆ, ಬೆಳಿಗ್ಗೆ ಎತ್ತಿದ್ರೆ ಒಳಗೆಲ್ಲ ಹನಿ ಹನಿ ಬೆವರಿರೋದು. ಇನ್ನೊಂದು, ಕೆಸರು ಹೋಗ್ಲಿ ಅಂತ ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಗನ್ ಹೊಡೆಸ್ತಿದ್ದೆ. ಐಪಿ67 ಇದೆ ಏನೂ ಆಗಲ್ಲ ಅಂತ ಧೈರ್ಯ. ಐಪಿ67 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದ್ರೂ ಒಳಗೆ ನೀರು ಹೋಗಲ್ಲ ಅಂತ ಅಷ್ಟೇ, ರಭಸವಾಗಿ ಹೊಡೆಯೋ ನೀರಿಗೆ ಬೇರೆನೇ ಪರೀಕ್ಷೆ ಇದೆ. ಅದೂ ಬ್ಯಾಟರಿಗೆ ಕೊಟ್ಟಿದ್ದು, ಹೊರಗಿನ ಬೋಲ್ಟು ಕನೆಕ್ಟರಿಗಲ್ಲ.

ಈಗ ಗೊಬ್ಬರ ಪಿಕಪ್‌ನಲ್ಲೇ ತರಿಸ್ತೀನಿ, ಬಾಡಿಗೆ ಹೋದ್ರೆ ಹೋಗ್ಲಿ. ಗಾಡಿಗೆ ಬಕೆಟ್ ನೀರು, ಬಟ್ಟೆ, ಆಮೇಲೆ ಶೆಡ್‌ನಲ್ಲಿ ಕವರ್ ಇಲ್ದೆ ಗಾಳಿಗೆ ಬಿಡ್ತೀನಿ. ಚಾರ್ಜಿಂಗ್ ಪಿನ್ ಒಣಗಿದೆಯಾ ಅಂತ ಟಾರ್ಚ್ ಹಾಕಿ ನೋಡ್ದೆ ಪ್ಲಗ್ ಹಾಕಲ್ಲ. ಕನೆಕ್ಟರ್‌ಗಳಿಗೆ ನೀರು ತಾಗದ ಹಾಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ಹಚ್ಚಿಸಿದೀನಿ, ಅದನ್ನ ಮೆಕ್ಯಾನಿಕ್ ಕೈಲೇ ಮಾಡ್ಸಿ, ಬ್ಯಾಟರಿ ವೈರ್ ನೀವೇ ಬಿಚ್ಚೋಕೆ ಹೋಗ್ಬೇಡಿ.

ನಿಮ್ ಗಾಡೀಲೂ ಗೊಬ್ಬರ ಸಾಗಿಸಿದ್ರೆ ಇವತ್ತೇ ಮ್ಯಾಟ್ ಎತ್ತಿ ನೋಡಿ. ಬಿಳಿ ಪುಡಿನೋ ಕೆಂಪು ಕಲೆನೋ ಕಂಡ್ರೆ ರಾತ್ರಿ ಚಾರ್ಜಿಗೆ ಹಾಕ್ಬೇಡಿ, ಮೊದ್ಲು ಬಿಚ್ಚಿಸಿ ತೋರಿಸಿ.